ಬಾಯಿ ಜಾಸ್ತಿ

“ಹಿಂದಿನ ಸಂಬಂಧ ಯಾಕೆ ಮುರೀತು?” ಎಂದು, ಶಿಕಾರಿಪುರದಿಂದ ಹೆಣ್ಣು ನೋಡಲು ಬಂದಿದ್ದ ಹುಡುಗನ ಸೋದರತ್ತೆ ಕೇಳಿದರು. ಬಿಂದುಶ್ರೀಯ ತಾಯಿ ಜಗದಾಂಬ “ಜಾತಕ ಕೂಡಲಿಲ್ಲ ರೀ” ಎಂದು ಉಪ್ಪಿಟ್ಟಿನ ತಟ್ಟೆ ಮುಂದೆ ತಳ್ಳಿದರು.

“ಜಾತಕ ಅಲ್ಲ,” ಎಂದಳು ಬಿಂದುಶ್ರೀ. “ನನ್ನ ಬಾಯಿ ವಾಸನೆ ಬರ್ತಿತ್ತು. ಆ ಹುಡುಗ ಅದನ್ನ ಊರಿಗೆಲ್ಲ ಹೇಳ್ಕೊಂಡು ಬಂದ.”

ಜಗದಾಂಬ ಮಗಳ ಮೊಣಕೈ ಹಿಂಡಿದರು. ಅವಳು ಬಿಡಿಸಿಕೊಂಡಳು. ಎಷ್ಟೋ ಕಾಲ ಅವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದೇ ಮಾತಾಡಿದ್ದಳು, ಲವಂಗ ಅಗಿದಿದ್ದಳು, ಹೊಟ್ಟೆಯೇ ಕೆಟ್ಟಿರಬೇಕೆಂದು ಉಪವಾಸ ಕೂಡ ಮಾಡಿದ್ದಳು. ಕೊನೆಗೆ ಯಾರಿಗೂ ಹೇಳದೆ ತನ್ನೂರು ಹೊಸಬಾಳೆಯಿಂದ ಬಸ್ಸು ಹತ್ತಿ ಸೊರಬದ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು.

“ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ವಸಡು ಬಾತಿತ್ತು. ಡಾಕ್ಟ್ರು ಕ್ಲೀನ್ ಮಾಡಿದ್ರು. ರಾತ್ರಿನೂ ಹಲ್ಲುಜ್ಜಿ, ಹಲ್ಲಿನ ಸಂದಿ, ನಾಲಿಗೆ ಎಲ್ಲ ಸ್ವಚ್ಛ ಮಾಡ್ಕೊಳ್ಳಿ ಅಂದ್ರು. ಈಗ ವಾಸನೆ ಇಲ್ಲ. ಅದು ಕಾಯಿಲೆ ರೀ, ನನ್ನ ಗುಣ ಅಲ್ಲ. ಇಷ್ಟಕ್ಕೇ ಬೇಡ ಅನ್ನೋದಾದ್ರೆ ಈಗಲೇ ಹೇಳಿಬಿಡಿ.”

“ಹುಡುಗಿಗೆ ಬಾಯಿ ಜಾಸ್ತಿ ಆಯ್ತು,” ಎಂದು ಅತ್ತೆ ಎದ್ದರು. “ಏಳೋ ಮಹಾಂತೇಶ.”

ಬಂದಾಗಿನಿಂದ ಬಾಯಿಗೆ ಕರ್ಚೀಫು ಒತ್ತಿಕೊಂಡೇ ಕೂತಿದ್ದ ಹುಡುಗ ಏಳಲಿಲ್ಲ. ಬಿಂದುಶ್ರೀಯ ಕಡೆ ಬಾಗಿ, “ಯಾವ ಡಾಕ್ಟ್ರು?” ಎಂದು ಪಿಸುಗುಟ್ಟಿದ.

“ಜೋರಾಗಿ ಕೇಳಿ,” ಎಂದಳು ಅವಳು. “ನಾನು ಜೋರಾಗೇ ಹೇಳಿದೆನಲ್ಲ.”

ಮಹಾಂತೇಶ ಒಮ್ಮೆ ಅತ್ತೆಯ ಮುಖ ನೋಡಿದ. ಆಮೇಲೆ ಕರ್ಚೀಫನ್ನು ಜೇಬಿಗಿಟ್ಟು, ಎಲ್ಲರಿಗೂ ಕೇಳುವಂತೆ ಕೇಳಿದ.