ಏಳನೇ ನಕ್ಷತ್ರದ ಕೆಳಗಿನ ನೆಗ್ಗು

"ಅಸಲಿ ಅಂತ ಒಂದು ಮಾತು ಹೇಳಿಬಿಡಿ ಪೆನ್‌ಫೋಲ್ಡ್. ನಿಮ್ಮ ಹೊಸ ದೂರದರ್ಶಕದ ಖರ್ಚು ನನ್ನದು," ಎನ್ನುತ್ತ ಲಾರ್ಡ್ ಹೆಸಲ್‌ಡೆನ್ ತನ್ನ ರೋಮನ್ ಬೆಳ್ಳಿ ನಾಣ್ಯವನ್ನು ಊಟದ ಮೇಜಿನ ಮೇಲೆ ಮುಂದೆ ತಳ್ಳಿದ. ನಾಣ್ಯ ಸಂಘದ ಹನ್ನೆರಡು ಮಂದಿ ಸದಸ್ಯರೂ ವೈನ್ ಗ್ಲಾಸು ಕೆಳಗಿಟ್ಟರು.

ಖಗೋಳಜ್ಞ ಟೋಬಿಯಸ್ ಪೆನ್‌ಫೋಲ್ಡ್ ಭೂತಗನ್ನಡಿ ಹಿಡಿದ. ಬಾಗಿದ ಚಂದ್ರ, ಏಳು ನಕ್ಷತ್ರ, ಏಳನೆಯದರ ಕೆಳಗೆ ಅಂಚಿನಲ್ಲೊಂದು ನೆಗ್ಗು. ಜೇಬಿನಿಂದ ತನ್ನ ನಾಣ್ಯ ತೆಗೆದು ಅದರ ಪಕ್ಕಕ್ಕಿಟ್ಟ. ಹಳೆಯ ಗ್ರಹಣವೊಂದರ ಕಾಲ ಹೇಳುವ ಅವನ ಪುಸ್ತಕವಿಡೀ ನಿಂತದ್ದು ಆ ನಾಣ್ಯದ ಮೇಲೆ. ಅದೇ ನಕ್ಷತ್ರ, ಅದೇ ನೆಗ್ಗು.

"ಎರಡು ನಾಣ್ಯ ಬಿದ್ದು ಒಂದೇ ಕಡೆ, ಒಂದೇ ಥರ ನೆಗ್ಗುತ್ತಾ ಪ್ರಭುಗಳೇ? ಯಾವನೋ ಒಂದೇ ಅಚ್ಚಲ್ಲಿ ಎರಡನ್ನೂ ಎರಕ ಹೊಯ್ದಿದ್ದಾನೆ."

ಲಾರ್ಡ್ ತನ್ನದನ್ನು ಕಸಿದುಕೊಂಡು ಮುಷ್ಟಿ ಬಿಗಿದ. "ಬಾಯಿಗೆ ಬಂದದ್ದು ಹೇಳಬೇಡಿ! ಹಾಗಾದ್ರೆ ನಿಮ್ಮ ಪುಸ್ತಕವೂ ಸುಳ್ಳು!"

"ಮೊದಲ ಪುಟದಿಂದಲೇ," ಎಂದ ಪೆನ್‌ಫೋಲ್ಡ್. ಹಣ್ಣು ಕೊಯ್ಯುವ ಚಾಕು ತೆಗೆದುಕೊಂಡು ತನ್ನ ನಾಣ್ಯವನ್ನು ಎಲ್ಲರೆದುರೇ ಕೆರೆದ. ಬೆಳ್ಳಿಯ ಪೊರೆ ಎದ್ದು ಒಳಗಿನ ಸೀಸ ಕಪ್ಪಗೆ ಕಂಡಿತು. ಅದನ್ನು ಮೇಜಿನ ನಡುವೆ ಎಸೆದು, ಲಾರ್ಡ್‌ನ ಮುಷ್ಟಿಯತ್ತ ಕೈ ಚಾಚಿದ.

"ಈಗ ನಿಮ್ಮದು ಕೊಡಿ."