ಮಾಸ್ತರರ ಆರೈಕೆ

ಚನವೀರಪ್ಪ ಮಾಸ್ತರರದು ಯಾರನ್ನೂ ಅವರ ಪಾಡಿಗೆ ಬಿಡುವ ಜಾಯಮಾನವಲ್ಲ. ಉರಿಬಿಸಿಲಿನ ಅಂಗಳದಲ್ಲಿ ನೆಟ್ಟ ಕಾಗದದ ಹೂವಿನ ಗಿಡಕ್ಕೂ ಎರಡು ಹೊತ್ತು ನೀರುಣಿಸಿ, ಬುದ್ಧಿ ಹೇಳುತ್ತಿದ್ದರು. ಗಿಡ ಸೊಕ್ಕಿ ಬೆಳೆಯಿತೇ ಹೊರತು ಒಂದು ಹೂವೂ ಬಿಡಲಿಲ್ಲ. ತಂಗಿಯ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೆ, ಗಿಡದ ತುಂಬ ಹೂವು!

“ಏನು ಹಾಕಿದಿ ಇದಕ್ಕ?” ಎಂದು ಹೆಂಡತಿಯನ್ನು ಕೇಳಿದರು.

“ನೀರು ಸೈತ ಹಾಕಲಿಲ್ಲರಿ. ಬಿಸಿಲ ಗಿಡ, ಅದರ ಪಾಡಿಗೆ ಬಿಟ್ಟರ ಹೂ ಬಿಡ್ತೈತಿ.”

“ಅಂದ್ರ ನನ್ನ ಆರೈಕೀನ ಅದಕ್ಕ ಕಾಟ ಆಗಿತ್ತು ಅನ್ನು!” ಮಾಸ್ತರರು ತಮ್ಮನ್ನು ತಾವೇ ನೆನೆದು ನಕ್ಕು, ಆಕೆಯತ್ತ ತಿರುಗಿದರು. “ಅಲ್ಲಾ, ನಿನ್ನ ಮುಖಕ್ಕೂ ಭಾಳ ಕಳೆ ಬಂದೈತಲ್ಲ! ಏನು ಮಾಡಿದಿ?”

“ಏನಿಲ್ಲರಿ,” ಎಂದಳು ಆಕೆ. “ತಿಂಗಳತನಕ ನನ್ನ ಆರೈಕಿನೂ ಯಾರೂ ಮಾಡಲಿಲ್ಲ.”