ಪಕ್ಕದ ಕುರ್ಚಿಯ ಅಕ್ಕ

"ನಾನೂ ಕುಡುಕಿ," ಎಂದಳು ಹೊಲಿಗೆಯವಳು. ಸುಳ್ಳು ಹೇಳುವಾಗ ದನಿ ಒಂದಿಷ್ಟೂ ನಡುಗಲಿಲ್ಲ.

ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ತಲೆಯಾಡಿಸಿದರು. ಯಾರೂ ಹುಬ್ಬೇರಿಸಲಿಲ್ಲ. ಗ್ರಂಥಾಲಯದ ಮೇಲಿನ ಆ ಕೋಣೆಯಲ್ಲಿ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಕುಡಿತ ಬಿಡುವ ಮನಸ್ಸಿದ್ದರೆ ಸಾಕು. ಗುಂಪು ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು. ನಿಧಾನವಾಗಿ ಹೇಳಿ ತಾಯಿ, ಅವಸರವೇನಿಲ್ಲ ಎಂದರು. ಆಕೆ ಹೇಳಿದಳು. ಬಟ್ಟೆ ಚೂರುಗಳ ಮೂಟೆಯಲ್ಲಿ ಬಾಟಲಿ ಬಚ್ಚಿಟ್ಟದ್ದು, ಬಾಯಿ ವಾಸನೆ ಮುಚ್ಚಲು ಲವಂಗ ಅಗಿದದ್ದು, ಬೆಳಗಾದರೆ ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದೆ ಅತ್ತದ್ದು. ಎಲ್ಲವೂ ನಡೆದದ್ದೇ. ಆದರೆ ಹಾಗೆಲ್ಲ ಮಾಡಿದ್ದು ಆಕೆಯಲ್ಲ, ಆಕೆಯ ಹೊಲಿಗೆ ಅಂಗಡಿಯಲ್ಲೇ ಹೊಲಿಯುತ್ತಾ, ಕುಡಿಯುತ್ತಾ ಸತ್ತ ಅಣ್ಣ.

ಎದುರಿನ ಕುರ್ಚಿಯಲ್ಲಿ ಚಾಲಕ ಕೂತಿದ್ದ. ಅವನನ್ನು ಹುಡುಕಿಕೊಂಡೇ ಆಕೆ ಬಂದಿದ್ದಳು.

ಅವನು ಕುಡಿದು ಓಡಿಸಿದ ವ್ಯಾನು ಆಕೆಯ ಒಬ್ಬಳೇ ಮಗಳನ್ನು ಸೈಕಲ್ ಸಮೇತ ಶಾಲೆಯ ತಿರುವಿನಲ್ಲಿ ಅಪ್ಪಳಿಸಿ ಕೊಂದಿತ್ತು. ನ್ಯಾಯಾಲಯದಲ್ಲಿ ಅವನು ಒಮ್ಮೆಯೂ ತಲೆ ಎತ್ತಲಿಲ್ಲ. ಆಕೆ ಮಾತ್ರ ಅವನ ನೆತ್ತಿಯ ಸುಳಿಯನ್ನೂ ಬಿಡದೆ ಕಣ್ಣಲ್ಲಿ ತುಂಬಿಕೊಂಡಿದ್ದಳು. ಜೈಲು ಮುಗಿಸಿ ಬಂದವನು ಟೈರ್ ಅಂಗಡಿ ಸೇರಿದ್ದಾನೆ, ಕುಡಿತ ಬಿಡಿಸುವ ಯಾವುದೋ ಗುಂಪಿಗೆ ಹೋಗುತ್ತಾನೆ, ಈಗ ತುಂಬ ಒಳ್ಳೆಯವನಾಗಿದ್ದಾನೆ ಎಂದು ಬಟ್ಟೆ ಹೊಲಿಸಲು ಬಂದ ಹೆಂಗಸೊಬ್ಬಳು ಮಾತಿನ ಮಧ್ಯೆ ಹೇಳಿದಳು. ಒಳ್ಳೆಯವನಂತೆ! ಆಕೆ ಮರುದಿನವೇ ವಿಚಾರಿಸಲು ಹೊರಟಳು. ಆಸ್ಪತ್ರೆಯ ಹಿಂದೆ ಸೇರುವ ಗುಂಪಿನಲ್ಲಿ ಅವನಿರಲಿಲ್ಲ. ರೈಲು ನಿಲ್ದಾಣದ ಬಳಿಯದರಲ್ಲೂ ಇರಲಿಲ್ಲ. ಇಲ್ಲಿ ಸಿಕ್ಕ.

ಆ ಮೊದಲ ದಿನ ಆಕೆಯ ಕೈಚೀಲದಲ್ಲಿ ಒಂದು ಬಾಟಲಿಯಿತ್ತು. ಅವನ ಮೂಗಿನ ಹತ್ತಿರ ಮುಚ್ಚಳ ತೆರೆದರೆ ಸಾಕು, ಆ ಒಳ್ಳೆಯತನವೆಲ್ಲ ಒಂದೇ ಗುಟುಕಿಗೆ ನೀರುಪಾಲು ಎಂದುಕೊಂಡಿದ್ದಳು.

ಅವನ ಸರದಿ ಬಂತು. ನೆಲ ನೋಡುತ್ತಾ ಮಾತಾಡಿದ. ಒಂದು ಮಗುವನ್ನು ಕೊಂದೆ ಎಂದ. ಜೈಲಿನಲ್ಲೂ ಕದ್ದು ತರಿಸಿಕೊಂಡು ಕುಡಿದದ್ದು, ಹೊರಗೆ ಬಂದ ಮೇಲೆ ಬಿಟ್ಟದ್ದು, ಬಿಟ್ಟಾಗಿನಿಂದ ಅನ್ನ ಸೇರದೆ, ನಿದ್ದೆ ಹಾರಿ, ಗೋಡೆ ನೋಡುತ್ತಾ ಕೂರುವುದು, ಎಲ್ಲ ಹೇಳಿದ. ಆಕೆ ಒಂದಕ್ಷರ ಬಿಡದೆ ಕೇಳಿಸಿಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಬಾಟಲಿಯನ್ನು ಚರಂಡಿಗೆ ಸುರಿದಳು. ಅಷ್ಟು ಸುಲಭಕ್ಕೆ ಅವನನ್ನು ಬಿಡಬಾರದು.

ಮುಂದಿನ ವಾರದಿಂದ ಅವನ ಪಕ್ಕದ ಕುರ್ಚಿ ಆಕೆಯದಾಯಿತು. ಫ್ಲಾಸ್ಕಿನಲ್ಲಿ ಚಹಾ ತಂದು ಅವನಿಗೂ ಬಗ್ಗಿಸಿದಳು. ಹರಿದ ಅಂಗಿಯ ತೋಳು ಹೊಲಿದುಕೊಟ್ಟಳು. ಅವನು ಅಕ್ಕ ಎನ್ನತೊಡಗಿದ. ಆಕೆ ಹಲ್ಲು ಕಚ್ಚಿ ತಮ್ಮ ಎಂದಳು. ಕುಡಿಯುವ ಆಸೆ ಕೆರಳಿದಾಗ ಫೋನು ಮಾಡಲು ಪ್ರತಿಯೊಬ್ಬರಿಗೂ ಗುಂಪಿನಲ್ಲೊಬ್ಬ ಜೊತೆಗಾರ ಬೇಕಿತ್ತು. ಅವನು ಆಕೆಯನ್ನೇ ಕೇಳಿಕೊಂಡ. ನಿಮ್ಮಂಥವರು ಸಿಕ್ಕಿದ್ದು ಅವನ ಪುಣ್ಯ ಎಂದರು ಮೇಷ್ಟ್ರು. ಪುಣ್ಯವೋ ಕರ್ಮವೋ ನೋಡೋಣ ಎಂದು ಆಕೆ ನಕ್ಕಳು. ಮೇಷ್ಟ್ರೂ ನಕ್ಕರು.

ಫೋನು ಒಂದು ಮಧ್ಯಾಹ್ನ ಬಂತು. ಆಕೆ ಹೊಲಿಯುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಟೈರ್ ಅಂಗಡಿಯ ಎದುರಿಗೇ ಬಾರು. ಮೂಲೆಯ ಮೇಜಿನ ಮೇಲೆ ತುಂಬಿದ ಗ್ಲಾಸು. ಅವನಿನ್ನೂ ಅದನ್ನು ಮುಟ್ಟಿರಲಿಲ್ಲ. ಮಸಿ ಮೆತ್ತಿದ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಶಾಲೆಯ ಹುಡುಗಿಯೊಬ್ಬಳು ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಬಂದಿದ್ದಳಂತೆ. ಅವಳ ಮುಖ ನೋಡಲಾಗದೆ ಓಡಿಬಂದೆ ಎಂದ.

"ಅಕ್ಕ, ನಾನು ಕುಡೀದೆ ಇದ್ರೇನೇ ಆ ಮಗು ಬರೋದು. ಗೋಡೆ ಹತ್ರ ನಿಂತು ನನ್ನನ್ನೇ ನೋಡುತ್ತೆ, ಏನೂ ಮಾತಾಡಲ್ಲ. ಒಂದು ಗ್ಲಾಸ್ ಒಳಗೆ ಹೋದ್ರೆ ಹೊರಟುಹೋಗುತ್ತೆ. ಇವತ್ತೊಂದಿನ ಕುಡಿದುಬಿಡ್ಲಾ?"

ಆಕೆ ಗ್ಲಾಸನ್ನು ಕೈಗೆತ್ತಿಕೊಂಡಳು. ಹೂಂ ಎಂದರೆ ಮುಗಿಯಿತು. ಕೆಲಸ, ಮರ್ಯಾದೆ, ಮೇಷ್ಟ್ರ ನಂಬಿಕೆ ಎಲ್ಲ ಈ ಮೇಜಿನ ಮೇಲೇ ಮಣ್ಣುಪಾಲಾಗುತ್ತಿತ್ತು.

"ಏನು ಹಾಕ್ಕೊಂಡಿರುತ್ತೆ ಮಗು?" ಎಂದು ಕೇಳಿದಳು.

"ನೀಲಿ ಅಂಗಿ. ಕಾಲರಿಗೆ ಬಿಳಿ ದಾರದ ಹೂವು."

ಆ ಹೂವು ಹಾಕಿದ ಬೆರಳುಗಳು ಗ್ಲಾಸನ್ನು ಬಿಗಿಯಾಗಿ ಹಿಡಿದವು. ಆಮೇಲೆ ಎದ್ದುಹೋಗಿ ಕೈತೊಳೆಯುವ ಬೇಸಿನ್ನಿಗೆ ಗ್ಲಾಸು ಬಗ್ಗಿಸಿ, ನಲ್ಲಿ ತಿರುಗಿಸಿ, ಹನಿಯೂ ಉಳಿಯದಂತೆ ತೊಳೆದು ಬಂದಳು.

"ಬೇಡ ತಮ್ಮ. ಇವತ್ತೂ ಬೇಡ, ಇನ್ಯಾವತ್ತೂ ಬೇಡ. ನಾನಿದ್ದೀನಲ್ಲ."

ಅವನು ಆಕೆಯ ಕೈಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ. ನೀವು ದೇವರು ಅಕ್ಕ, ನನ್ನನ್ನು ಉಳಿಸಿಬಿಟ್ಟಿರಿ ಎಂದ. ಆಕೆ ಅವನ ನೆತ್ತಿ ಸವರಿದಳು.

ಅವನು ಕುಡಿದು ಆಕೆಯ ಮಗಳನ್ನು ಮರೆಯಲು, ಜೀವವಿರುವ ತನಕ ಆಕೆ ಬಿಡುವವಳಲ್ಲ.